ಕೊನೆಯ ಗುಳಿಗೆಯವರೆಗೆ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬೀದಿಯಲ್ಲಿ ಬಿದ್ದ ರೋಗಿಷ್ಠ ನಾಯಿಗಳನ್ನು ಕುರಿತು

ನಮ್ಮ ಭಾಷೆಯಲ್ಲಿ ‘ನಾಯಿಪಾಡು’ ಎಂಬುದೊಂದು ಮಾತಿದೆ. ಮನುಷ್ಯನಿಗೆ ಒದಗಬಹುದಾದ ದುರ್ಗತಿಯ ಕಟ್ಟಕಡೆಯ ಮೆಟ್ಟಿಲನ್ನು ಸೂಚಿಸಲು ನಾವು ಅದನ್ನು ಬಳಸುತ್ತೇವೆ. ಸಾಲ ಕೊಟ್ಟವರ ಕಾಟಕ್ಕೆ ಸಿಕ್ಕಿ ಊರೂರು ಅಲೆಯುವವನದು ನಾಯಿಪಾಡು. ಹೆತ್ತ ಮಕ್ಕಳೇ ಕೈಬಿಟ್ಟ ಮುದುಕನದು ನಾಯಿಪಾಡು. ಆದರೆ ಸ್ವತಃ ನಾಯಿಗೇ ನಾಯಿಪಾಡು ಒದಗಿದಾಗ? ಅದನ್ನು ಹೆಸರಿಸಲು ನಮ್ಮಲ್ಲಿ ಬೇರೊಂದು ಪದವಿಲ್ಲ. ಅದು ಆ ಪ್ರಾಣಿಯ ಹಣೆಬರಹವೇ ಸರಿ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ.

ವಿಜಯಪುರಕ್ಕೆ ಬಂದ ಪ್ರವಾಸಿಯ ದೃಷ್ಟಿ ಸದಾ ಮೇಲ್ಮುಖವಾಗಿರುತ್ತದೆ. ಗೋಳಗುಮ್ಮಟದ ಆ ಮಹಾಗೋಳವನ್ನೂ ಇಬ್ರಾಹಿಂ ರೋಜಾದ ಮಿನಾರುಗಳನ್ನೂ ನೋಡಲು ಕತ್ತೆತ್ತಲೇಬೇಕು. ಅದೇ ಕಣ್ಣು ಒಂದು ಗಳಿಗೆ ನೆಲದತ್ತ ಇಳಿದರೆ ಮತ್ತೊಂದು ದೃಶ್ಯ ಎದುರಾಗುತ್ತದೆ. ನಿಂತ ಆಟೋರಿಕ್ಷಾದ ನೆರಳಿನಲ್ಲಿ ಮುದುಡಿ ಮಲಗಿದೆ ಒಂದು ಜೀವ. ಮೈಮೇಲೆ ಕೂದಲಿಲ್ಲ, ಚರ್ಮ ಆನೆಯ ತೊಗಲಿನಂತೆ ದಪ್ಪವಾಗಿ, ಒಡೆದು, ಅಲ್ಲಲ್ಲಿ ರಕ್ತ ಒಸರುತ್ತಿದೆ. ಕತ್ತಿನ ಸುತ್ತ ಮಾತ್ರ ಒಂದು ಬಳೆಯಂಥ ಗುರುತು. ಎಂದೋ ಯಾರೋ ಅಲ್ಲಿ ಪಟ್ಟಿ ಕಟ್ಟಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಹತ್ತಿರದ ಅಂಗಡಿಯವರನ್ನು ವಿಚಾರಿಸಿದರೆ ಬರುವ ಉತ್ತರ ಒಂದೇ: “ಅದು ನಮ್ಮ ನಾಯಿ ಅಲ್ರೀ.”

ಆ ಮಾತಿನಲ್ಲಿ ಸುಳ್ಳಿಲ್ಲ. ಅದು ಅವರ ನಾಯಿಯಲ್ಲ, ಪಕ್ಕದವರದೂ ಅಲ್ಲ, ದಾರಿಹೋಕರದಂತೂ ಅಲ್ಲವೇ ಅಲ್ಲ. ಹೀಗೆ ಎಲ್ಲರೂ ಸತ್ಯವನ್ನೇ ನುಡಿಯುತ್ತಿರುವಾಗ ಒಂದು ಜೀವ ಎಲ್ಲರ ಕಣ್ಣೆದುರೇ ಕೊಳೆಯುತ್ತದೆ. ಈ ಲೇಖನ ಆ ಒಂದು ವಾಕ್ಯದ ವಿಚಾರವಾಗಿಯೇ ಬರೆದದ್ದು.

ಕಲ್ಲಿನಲ್ಲಿ ನಿಂತ ಕೃತಜ್ಞತೆ

ನಾಯಿಯನ್ನು ಕೀಳಾಗಿ ಕಾಣುವುದು ನಮ್ಮ ಸಂಪ್ರದಾಯವೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಕಾಗಿಲ್ಲ. ಕನ್ನಡ ನಾಡು ನಾಯಿಗೆ ಸಲ್ಲಿಸಿದ ಗೌರವ ಕಲ್ಲಿನಲ್ಲೇ ಕೆತ್ತಿ ನಿಂತಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲವದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನಂತೆ. ಮಣಲೇರ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆಂದು ಭೂಮಿಯೂ ದತ್ತಿಯಾಯಿತು. ಆ ಶಿಲೆಯನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಈ ಗೌರವದ ಕುರುಹುಗಳು ಕಡಮೆಯಲ್ಲ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ಬೊಗಳುತ್ತ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಮುಗಿಬೀಳುತ್ತಾರೆ. ದತ್ತಾತ್ರೇಯನ ಪಟದಲ್ಲಿ ಕಾಲಬಳಿ ನಾಲ್ಕು ನಾಯಿಗಳಿರುತ್ತವೆ. ಕುರಿ ಕಾಯುವ ಹಾಲುಮತದವರಿಗೆ ನಾಯಿ ಆಸ್ತಿಯಷ್ಟೇ ಅಲ್ಲ, ರಾತ್ರಿಯ ಜೊತೆಗಾರ. ಇನ್ನು ಮುಧೋಳದ ಹೆಸರು ಹೇಳಿದರೆ ಸಾಕು, ಆ ನೀಳಕಾಯದ, ಬಾಣದಂತೆ ಧಾವಿಸುವ ಬೇಟೆನಾಯಿ ಕಣ್ಣೆದುರು ನಿಲ್ಲುತ್ತದೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಮುಧೋಳವೂ ಅಖಂಡ ವಿಜಾಪುರ ಜಿಲ್ಲೆಯದೇ ಊರು. ಅಲ್ಲಿನ ಘೋರ್ಪಡೆ ಸಂಸ್ಥಾನಿಕರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಅದು ಭಾರತದ ಅಂಚೆಚೀಟಿಯ ಮೇಲೆ ಮೂಡಿತು. 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಇಂಥ ಪರಂಪರೆಯ ನೆಲದಲ್ಲೇ ನಾಯಿ ಬೀದಿಗೆ ಬೀಳುವುದೇಕೆ?

ಬಿಡುವವರು ಯಾರು?

ಸಾಕಿದ ನಾಯಿಯನ್ನು ಬಿಡುವವರೆಲ್ಲ ಕಟುಕರಲ್ಲ. ಇದನ್ನು ಮೊದಲು ತಿಳಿದುಕೊಳ್ಳದೆ ಹೋದರೆ ಮುಂದಿನದೆಲ್ಲ ಬರಿಯ ಬೈಗುಳವಾಗುತ್ತದೆ.

ಮೊದಲನೆಯವರು ಷೋಕಿಯವರು. ಪಟ್ಟಣದ ಹೊಸ ಬಡಾವಣೆಗಳಲ್ಲಿ ತಳಿನಾಯಿ ಸಾಕುವುದು ಅಂತಸ್ತಿನ ಗುರುತಾಗಿದೆ. ಚಳಿನಾಡಿನ ದಟ್ಟ ಕೂದಲಿನ ನಾಯಿಯನ್ನು ತಂದು, ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿ ದಾಟುವ ವಿಜಯಪುರದ ಬಿಸಿಲಿನಲ್ಲಿ ಕಟ್ಟಿಹಾಕುತ್ತಾರೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೊಂದೇ ಅದಕ್ಕಿರುವ ದೊಡ್ಡ ಉಪಾಯ. ಅದೇ ರೀತಿ, ಬಯಲಿನಲ್ಲಿ ಓಡಲೆಂದೇ ಹುಟ್ಟಿದ ಮುಧೋಳವನ್ನು ಮೂರನೆಯ ಮಹಡಿಯ ಕೋಣೆಯಲ್ಲಿ ಕೂಡಿಹಾಕಿದರೆ ಅದು ಹಾಸಿಗೆ ಹರಿಯದೆ ಇನ್ನೇನು ಮಾಡೀತು? ಮರಿಯಾಗಿದ್ದಾಗ ಮುದ್ದಾಗಿದ್ದದ್ದು ಮೈಗೆ ಕಜ್ಜಿ ಹತ್ತಿದೊಡನೆ ಹೊರೆಯಾಗುತ್ತದೆ.

ಎರಡನೆಯವರು ತೋಟದವರು. ವಿಜಯಪುರದಿಂದ ಪಶ್ಚಿಮಕ್ಕೆ, ಅಥಣಿಯ ದಾರಿಯಲ್ಲಿರುವ ತಿಕೋಟಾ ದ್ರಾಕ್ಷಿಗೆ, ಒಣದ್ರಾಕ್ಷಿಗೆ ಹೆಸರಾದ ಸೀಮೆ. ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರದ ಸುತ್ತ ನೀರಾವರಿ ಬಂದಂತೆ ಕಬ್ಬು ಬೆಳೆದಿದೆ. ತೋಟವೆಂದ ಮೇಲೆ ಕಾವಲಿಗೆ ನಾಯಿ ಬೇಕು. ಆದರೆ ಅದು ಯಾರ ನಾಯಿ? ಮಾಲಕನದೋ, ಲಾವಣಿಗೆ ಹಿಡಿದವನದೋ, ಗುಡಿಸಲಿನ ಆಳಿನದೋ? ಬೊಗಳುವಾಗ ಎಲ್ಲರದೂ ಆದ ನಾಯಿ ಕಾಲು ಮುರಿದಾಗ ಯಾರದೂ ಅಲ್ಲ. ಬಳ್ಳಿಗೆ ರೋಗ ತಗಲಿದರೆ ಅದೇ ದಿನ ಔಷಧ ಸಿಂಪಡಿಸುವ ರೈತ, ಬಳ್ಳಿ ಕಾಯುವ ನಾಯಿಯ ಗಾಯವನ್ನು ‘ನೆಕ್ಕಿಕೊಂಡು ವಾಸಿಮಾಡಿಕೊಳ್ತೈತಿ ಬಿಡು’ ಎಂದು ಮರೆಯುತ್ತಾನೆ.

ಮೂರನೆಯವರನ್ನು ನೆನೆದರೆ ಸಿಟ್ಟು ಬರುವುದಿಲ್ಲ, ಕರುಳು ಚುರ್‍ರೆನ್ನುತ್ತದೆ. ಬರದ ಈ ಜಿಲ್ಲೆಯ ಹಳ್ಳಿಗಳಿಂದ, ತಾಂಡಾಗಳಿಂದ ಬಡ ಕುಟುಂಬಗಳು ಕಬ್ಬು ಕಡಿಯಲೆಂದೂ ಕಟ್ಟಡದ ಕೂಲಿಗೆಂದೂ ಮಹಾರಾಷ್ಟ್ರಕ್ಕೆ, ಗೋವೆಗೆ ಗುಳೆ ಹೋಗುತ್ತವೆ. ಮಕ್ಕಳನ್ನೇ ಶಾಲೆ ಬಿಡಿಸಿ ಕರೆದೊಯ್ಯಬೇಕಾದವರು ನಾಯಿಯನ್ನು ಲಾರಿಗೆ ಹತ್ತಿಸಿಯಾರೇ? ಬೀಗ ಬಿದ್ದ ಬಾಗಿಲ ಮುಂದೆ ಅದು ಕೂತಿರುತ್ತದೆ. ಮೊದಲ ವಾರ ನೆರೆಯವರ ರೊಟ್ಟಿ, ಅನಂತರ ತಿಪ್ಪೆ.

ಈ ಮೂವರ ಕತೆ ಬೇರೆಬೇರೆಯಾದರೂ ಒಂದು ಅಂಶ ಸಮಾನವಾಗಿದೆ. ನಾಯಿಯನ್ನು ಬಿಟ್ಟ ದಿನ ಅನಾಥಸ್ಥಿತಿಯ ಮೊದಲ ದಿನವಾಗಿರುವುದಿಲ್ಲ. ಕಿವಿಯಲ್ಲಿ ಮೊದಲ ಉಣ್ಣಿ ಕಂಡಾಗ, ತೊಡೆಯ ಮೇಲೆ ಬಿಲ್ಲೆಯಗಲ ಕೂದಲುದುರಿದಾಗ, ‘ನಾಳೆ ನೋಡೋಣ’ ಎಂದ ದಿನವೇ ಅದು ಅನಾಥವಾಯಿತು. ಬೀದಿಗೆ ಬಂದದ್ದು ಅದರ ಪರಿಣಾಮ ಮಾತ್ರ.

ಸಣ್ಣ ರೋಗ, ದೊಡ್ಡ ಸಂಕಟ

ಬೀದಿಯಲ್ಲಿ ನಾವು ಕಾಣುವ ಭೀಕರ ರೂಪಗಳ ಹಿಂದೆ ಇರುವುವು ಬಹುಮಟ್ಟಿಗೆ ವಾಸಿಯಾಗಬಲ್ಲ ರೋಗಗಳೇ. ಇದೇ ಈ ವಿಷಯದ ದುಃಖವೂ ಹೌದು, ಭರವಸೆಯೂ ಹೌದು.

ಕಜ್ಜಿಯನ್ನೇ ನೋಡಿ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಅದು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ತುರಿಕೆಗೆ ನಾಯಿ ನಿದ್ದೆಗೆಡುತ್ತದೆ. ಕೆರೆದ ಗಾಯ ಕೀವಾಗುತ್ತದೆ. ಹಳ್ಳಿಗಳಲ್ಲಿ ಇದಕ್ಕೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯುವ ರೂಢಿಯಿದೆ. ದಯವಿಟ್ಟು ಬಳಿಯಬೇಡಿ. ಆ ಎಣ್ಣೆ ಒಡೆದ ಚರ್ಮವನ್ನು ಸುಡುತ್ತದೆ. ನೆಕ್ಕಿದಾಗ ಹೊಟ್ಟೆ ಸೇರಿ ವಿಷವಾಗುತ್ತದೆ. ಯೋಗ್ಯ ಔಷಧ ಪಶುವೈದ್ಯರ ಬಳಿ ಇದೆ. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಐವರ್‌ಮೆಕ್ಟಿನ್ ಅವುಗಳಲ್ಲೊಂದು. ಅದನ್ನು ಕಂಡುಹಿಡಿದ ಇಬ್ಬರು ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಅದನ್ನು ತಾವೇ ಅಂದಾಜಿನಿಂದ ಕೊಡಬಾರದು. ಕೋಲಿಯಂಥ ಕೆಲವು ತಳಿಗಳಿಗೆ ಅದು ಪ್ರಾಣಾಂತಿಕ. ಇನ್ನೂ ಒಂದು ಮಾತು: ಒಂದು ಚುಚ್ಚುಮದ್ದಿನಿಂದ ಬದುಕಿರುವ ನುಸಿ ಸತ್ತರೂ ಮೊಟ್ಟೆಗಳು ಉಳಿದಿರುತ್ತವೆ. ಅವು ಒಡೆದು ಹೊಸ ಪೀಳಿಗೆ ಬರುವ ಹೊತ್ತಿಗೆ ಎರಡನೆಯ ಮದ್ದು ಬೀಳಬೇಕು, ಹಾಗೆಯೇ ಮೂರನೆಯದೂ. ಮೊದಲ ಮದ್ದಿಗೇ ತುರಿಕೆ ನಿಂತಿತೆಂದು ಬಿಟ್ಟವರು ತಿಂಗಳೊಪ್ಪತ್ತಿನಲ್ಲಿ ಮತ್ತದೇ ನಾಯಿಯನ್ನು ಅದೇ ಸ್ಥಿತಿಯಲ್ಲಿ ಕಾಣುತ್ತಾರೆ.

ಹುಳ ಬಿದ್ದ ಗಾಯ ಇನ್ನೊಂದು. ಎರಡು ನಾಯಿ ಕಚ್ಚಾಡಿ ಆದ ಬೆರಳಗಲದ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ, ಬೇಸಿಗೆಯಲ್ಲಿ ದಿನದೊಳಗಾಗಿ ಹುಳು ಹೊರಬಂದು ಜೀವಂತ ಮಾಂಸವನ್ನೇ ತಿನ್ನತೊಡಗುತ್ತವೆ. ಮೂರು ದಿನದ ಉಪೇಕ್ಷೆ ತಲೆಯಲ್ಲಿ ಮುಷ್ಟಿ ಹಿಡಿಸುವ ಕುಳಿ ತೋಡಬಲ್ಲುದು. ಇಲ್ಲಿ ಫಿನಾಯಿಲು ಸುರಿಯುವುದು ರೂಢಿ, ಅದೂ ವಿಷವೇ. ವೈದ್ಯರು ಗಾಯದ ಸುತ್ತ ಕೂದಲು ಕತ್ತರಿಸಿ, ಹುಳು ಹೊರಬರಿಸುವ ಔಷಧ ಹಾಕಿ, ಚಿಮಟದಿಂದ ಒಂದೊಂದನ್ನೇ ತೆಗೆದು, ತೊಳೆದು, ಪಟ್ಟಿ ಕಟ್ಟುತ್ತಾರೆ. ಮರುದಿನ ಮತ್ತೆ ನೋಡಬೇಕು, ಅದರ ಮರುದಿನವೂ. ಒಳಗಿನ ಸಂದಿಯಲ್ಲಿ ಹತ್ತು ಹುಳು ಉಳಿದರೂ ಮಾಡಿದ್ದೆಲ್ಲ ವ್ಯರ್ಥ.

ಮೂರನೆಯದು ಉಣ್ಣಿಜ್ವರ. ಕಂದುಬಣ್ಣದ ಉಣ್ಣಿ ರಕ್ತ ಹೀರುವಾಗ ಅತಿಸೂಕ್ಷ್ಮ ರೋಗಾಣುಗಳನ್ನು ರಕ್ತಕ್ಕೆ ಬಿಡುತ್ತದೆ. ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ‘ವಯಸ್ಸಾಯಿತು, ಸಾಯುವ ಕಾಲ’ ಎಂದು ಮನೆಯವರು ಕೈಚೆಲ್ಲುವುದು ಬಹುತೇಕ ಇಂಥ ಹೊತ್ತಿನಲ್ಲೇ. ರೋಗಾಣುವಿನ ಒಂದು ಮುಖ್ಯ ಬಗೆಗೆ ಡಾಕ್ಸಿಸೈಕ್ಲಿನ್ ಗುಳಿಗೆ ಸಾಕು. ಆದರೆ ಸುಮಾರು 28 ದಿನ ಬಿಡದೆ ಕೊಡಬೇಕು. ಮೂರನೆಯ ದಿನವೇ ನಾಯಿ ಎದ್ದು ಬಾಲವಾಡಿಸುತ್ತದೆ. ಅಪಾಯ ಇರುವುದು ಅಲ್ಲೇ. ಗೆದ್ದೆವೆಂದು ನಿಲ್ಲಿಸಿದರೆ ರೋಗಾಣು ಒಳಗೇ ಅಡಗಿ ಕೂತು ಮುಂದೊಮ್ಮೆ ಮಜ್ಜೆಯನ್ನೇ ಒಣಗಿಸೀತು.

ಇನ್ನೊಂದನ್ನು ಜನ ಹೇಸಿ ದೂರ ಸರಿಯುತ್ತಾರೆ. ಬೀದಿನಾಯಿಗಳ ಜನನೇಂದ್ರಿಯದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುವ ಗೆಡ್ಡೆಯದು. ಅದೊಂದು ವಿಚಿತ್ರ ಅರ್ಬುದ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಜೀವಕೋಶಗಳೇ ಕೂಡಿಕೆಯ ಮೂಲಕ ನಾಯಿಯಿಂದ ನಾಯಿಗೆ ದಾಟುತ್ತ ಜಗತ್ತನ್ನೆಲ್ಲ ಸುತ್ತಿವೆ. ಅರ್ಬುದವೆಂದೊಡನೆ ಆಸೆ ಬಿಡಬೇಕಾಗಿಲ್ಲ. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಗೆಡ್ಡೆ ಕರಗಿಹೋಗುತ್ತದೆ. ಆ ಔಷಧದ ಮೂಲ ಯಾವುದು ಗೊತ್ತೆ? ನಮ್ಮ ಅಂಗಳದಲ್ಲಿ ನೀರು ಹಾಕದಿದ್ದರೂ ಅರಳುವ ನಿತ್ಯಪುಷ್ಪ!

ಕೈಹಾಕುವ ಮುನ್ನ

ದಯೆ ಒಳ್ಳೆಯದು; ಆದರೆ ಕುರುಡು ದಯೆ ಪ್ರಾಣಕ್ಕೇ ಎರವಾದೀತು. ಜೊಲ್ಲು ಸುರಿಸುತ್ತ, ನುಂಗಲಾರದೆ, ಬಾಯಿ ತೆರೆದುಕೊಂಡು ನಿಂತ ನಾಯಿಯನ್ನು ಕಂಡು ‘ಎಲುಬು ಸಿಕ್ಕಿರಬೇಕು’ ಎಂದು ಬಾಯೊಳಗೆ ಕೈಹಾಕುವವರುಂಟು. ಹುಚ್ಚುನಾಯಿ ರೋಗದ ಲಕ್ಷಣವೂ ಅದೇ ಆಗಿರಬಹುದು. ದನಿ ಬದಲಾಗಿದ್ದರೆ, ದವಡೆ ಜೋತಿದ್ದರೆ, ಹೆಜ್ಜೆ ತಡವರಿಸುತ್ತಿದ್ದರೆ, ಕಾರಣವಿಲ್ಲದೆ ಎದುರಾದುದನ್ನೆಲ್ಲ ಕಚ್ಚುತ್ತಿದ್ದರೆ ಮುಟ್ಟಬಾರದು. ಮಕ್ಕಳನ್ನು ದೂರವಿರಿಸಿ ಪಶುವೈದ್ಯರಿಗೂ ಪಾಲಿಕೆಗೂ ತಿಳಿಸಬೇಕು.

ಈ ರೋಗ ಒಮ್ಮೆ ಮನುಷ್ಯನಲ್ಲಿ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಆದರೆ ತಡೆಯುವ ದಾರಿ ಸುಲಭವಾಗಿದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಮೊದಲ ಲಸಿಕೆ ಹಾಕಿಸಿದಂದಿನಿಂದ ವಿದ್ಯೆ ಬಹುದೂರ ಬಂದಿದೆ. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚಿಸಿಕೊಳ್ಳಬೇಕಾಗಿದ್ದ ಆ ಹಳೆಯ ಮದ್ದು ಇಂದಿಲ್ಲ. ಈಗಿನದನ್ನು ತೋಳಿಗೆ ಕೆಲವೇ ಸಲ ಹಾಕುತ್ತಾರೆ. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರಾ 15 ನಿಮಿಷ ತೊಳೆದು, ಅಂದೇ ಸರಕಾರಿ ದವಾಖಾನೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ತುಂಬುವುದು ಸಲ್ಲದು. ಲಸಿಕೆಯ ಸರದಿಯನ್ನೂ ನಡುವೆ ಬಿಡದೆ ಮುಗಿಸಬೇಕು. ನಾಯಿಗಳ ಸೇವೆಗೆ ಹೊರಟವರು ಕಚ್ಚಿಸಿಕೊಳ್ಳುವ ಮೊದಲೇ ವೈದ್ಯರನ್ನು ಕೇಳಿ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿರಬೇಕು.

ಇಷ್ಟು ತಿಳಿದ ಮೇಲೆ ಉಳಿದುದು ತಾಳ್ಮೆಯ ಕೆಲಸ. ನೋವಿನಲ್ಲಿರುವ ನಾಯಿ ತನ್ನ ಒಡೆಯನನ್ನೂ ಕಚ್ಚೀತು. ಎದುರಿನಿಂದ ನುಗ್ಗದೆ ಪಕ್ಕದಿಂದ ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಮೆಲುದನಿಯಲ್ಲಿ ಮಾತಾಡಿ, ರೊಟ್ಟಿಯ ಚೂರು ಎಸೆದು ಅದು ನಂಬುವವರೆಗೆ ಕಾಯಬೇಕು. ಉದ್ದನೆಯ ಬಟ್ಟೆಯಿಂದ ಮೂತಿಗೆ ಸಡಿಲವಾದ ಸುತ್ತು ಹಾಕಿ, ಕಂಬಳಿಯಲ್ಲಿ ಹೊದಿಸಿ ಎತ್ತಬೇಕು. ಕಾಲೋ ಬೆನ್ನೋ ಮುರಿದಿದ್ದರೆ ಹಲಗೆಯ ಮೇಲೆ ಸಾಗಿಸಬೇಕು. ಮನುಷ್ಯರ ನೋವಿನ ಗುಳಿಗೆಗಳನ್ನು ಎಂದೂ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕುಗಳು ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸುತ್ತವೆ.

ಜನ ‘ದನದ ದವಾಖಾನೆ’ ಎಂದು ಕರೆಯುವ ಸರಕಾರಿ ಪಶು ಆಸ್ಪತ್ರೆ ದನಕ್ಕೆ ಮಾತ್ರ ಮೀಸಲಲ್ಲವೆಂಬುದನ್ನು ಅನೇಕರು ಅರಿಯರು. ಪಶುವೈದ್ಯರ ನೆರವಿಗಾಗಿ ಕರೆಯಲು 1962 ಎಂಬ ದೂರವಾಣಿ ಸಂಖ್ಯೆಯೂ ಇದೆ. ವಾರದೊಳಗೆ ನೂರಾರು ಎತ್ತು, ಎಮ್ಮೆ, ಆಡುಗಳನ್ನು ನೋಡಬೇಕಾದ ವೈದ್ಯರ ಬಳಿ ಬೀದಿನಾಯಿಯನ್ನು ಒಯ್ದು ಬಿಟ್ಟು ಬರುವುದು ಮಾತ್ರ ನ್ಯಾಯವಲ್ಲ. ವೈದ್ಯರು ಮದ್ದು ಕೊಟ್ಟಾರು. ಮಲಗಿಸಿಕೊಳ್ಳುವ ಜಾಗವಾಗಲಿ, ಹೊತ್ತುಹೊತ್ತಿಗೆ ಉಣಿಸುವ ಕೈಗಳಾಗಲಿ ಅವರಲ್ಲಿ ಎಲ್ಲಿಯವು? ಅದನ್ನು ಒದಗಿಸಬೇಕಾದವರು ನಾವು.

ಮುಂದೆ ನಡೆದವರು

ಹೀಗೆ ಒದಗಿಸಲು ಮಹಾಸಂಪತ್ತು ಬೇಕೆನ್ನುವವರಿಗೆ ಎರಡು ಕತೆ ಹೇಳಬಹುದು. ಒಂದು ಮದರಾಸಿನದಾದರೂ ಅದರ ನಾಯಕರು ಒಂದು ಕಾಲಕ್ಕೆ ನಮ್ಮವರೇ. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರಿ ವಿಮಾನ ತರಬೇತಿ ಶಾಲೆಯನ್ನು ನಡೆಸಿದ ಕ್ಯಾಪ್ಟನ್ ವಿ. ಸುಂದರಂ, ಅದೇ ಶಾಲೆಯಲ್ಲಿ ಕಲಿತು ವಿಮಾನ ಹಾರಿಸಿದ ಅವರ ಮಡದಿ ಉಷಾ. 1951ರಲ್ಲಿ ಈ ದಂಪತಿಗಳು ಲಂಡನ್ನಿನಿಂದ ಮುಂಬಯಿಗೆ ಪುಟ್ಟ ವಿಮಾನವನ್ನು 27 ಗಂಟೆಗಳಲ್ಲಿ ಹಾರಿಸಿ ತಂದು ಹೆಸರು ಮಾಡಿದರು. 1959ರಲ್ಲಿ ಮದರಾಸಿನಲ್ಲಿ ಭಾರಿ ಮಳೆ. ನೆರೆನೀರಿನಲ್ಲಿ ಮುಳುಗೇಳುತ್ತಿದ್ದ ಎರಡು ನಾಯಿಮರಿಗಳನ್ನು ಸುಂದರಂ ಎತ್ತಿ ಮನೆಗೆ ತಂದರು. ಭಾರತದ ಬ್ಲೂ ಕ್ರಾಸ್ ಸಂಸ್ಥೆಯ ಆರಂಭ ಅದು. ಬೀದಿನಾಯಿಗಳನ್ನು ಹಿಡಿದು ಕೊಲ್ಲುವುದೇ ನಗರಗಳ ಪದ್ಧತಿಯಾಗಿದ್ದ ಕಾಲದಲ್ಲಿ, 1964ರಲ್ಲೇ, ಅವರು ಸಂತಾನಹರಣ ಚಿಕಿತ್ಸೆಯ ದಾರಿಯನ್ನು ಮುಂದಿಟ್ಟರು. ಕೇಂದ್ರ ಸರಕಾರ ಅದನ್ನೇ ನಿಯಮವಾಗಿಸಿದ್ದು 2001ರಲ್ಲಿ; 2023ರಲ್ಲಿ ಹೊಸ ನಿಯಮಗಳು ಬಂದವು.

ಮತ್ತೊಂದು, ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯದು. ದಿಲ್ಲಿಯ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದ ಕುದುರೆಯೊಂದನ್ನು ಕಂಡು, ಮುಂದಿನ ಪಯಣವನ್ನೇ ಕೈಬಿಟ್ಟು ಭಾರತದಲ್ಲಿ ನಿಂತವರು ಅವರು. ದಿಲ್ಲಿಯಲ್ಲಿ, ಜಯಪುರದಲ್ಲಿ ಆಶ್ರಯಗಳನ್ನು ಕಟ್ಟಿ, 1991ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಸ್ಥಾಪಿಸಿದರು. ವಿಮಾನ ಹಾರಿಸುವವರಿಗೂ ಇಳಿವಯಸ್ಸಿನ ಅಜ್ಜಿಗೂ ಸಾಧ್ಯವಾದದ್ದು ನಮ್ಮ ಊರಿನ ಹತ್ತು ಮಂದಿ ಕೂಡಿದರೆ ಅಸಾಧ್ಯವೇ?

ಐವತ್ತು ರೂಪಾಯಿಯ ಪಾಪ

ಕಾಯ್ದೆ ಏನು ಹೇಳುತ್ತದೆಂದು ಕೇಳುವವರಿದ್ದಾರೆ. ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹೋರಾಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಿತು. ಹಸಿವೆ ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅದರ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ! ಅಂದಿನ ಐವತ್ತಕ್ಕೆ ಬೆಲೆಯಿತ್ತು. ಇಂದು ಒಂದು ಹೊತ್ತಿನ ನಾಷ್ಟಾ ಆಗುತ್ತದೆ. ಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಅಂಗಹೀನ ಮಾಡುವುದು ಮಾತ್ರ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ.

ಬೀದಿನಾಯಿಗಳಿಂದ ಜನರಿಗೆ, ಅದರಲ್ಲೂ ಮಕ್ಕಳಿಗೆ ಆಗುವ ತೊಂದರೆ ಸುಳ್ಳಲ್ಲ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು, ಹಿಡಿದ ನಾಯಿಗಳಿಗೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಜಂತುಹುಳುವಿನ ಔಷಧ ಕೊಟ್ಟು ಹಿಡಿದಲ್ಲಿಗೇ ಬಿಡಬೇಕೆಂದೂ, ಹುಚ್ಚು ಹಿಡಿದ ಹಾಗೂ ಮೇಲೆರಗುವ ಸ್ವಭಾವದ ನಾಯಿಗಳನ್ನು ಬಿಡಬಾರದೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣಗಳಿಂದ ಅವುಗಳನ್ನು ತೆಗೆದು ಆಶ್ರಯಗಳಿಗೆ ಸೇರಿಸಬೇಕೆಂದು ಆಜ್ಞಾಪಿಸಿತು. ನಾಯಿಯನ್ನು ಪ್ರೀತಿಸುವವರೂ ಹೆದರುವವರೂ ಇಲ್ಲಿ ಎದುರಾಳಿಗಳಾಗಬೇಕಾಗಿಲ್ಲ. ಲಸಿಕೆ ಬಿದ್ದ, ಗಾಯ ಮಾಯ್ದ, ಮರಿಹಾಕದ ನಾಯಿ ಬೀದಿಗೆ ಹೆಚ್ಚು ಸುರಕ್ಷಿತ. ಹಸಿದ, ಹುಣ್ಣಾದ, ವರ್ಷಕ್ಕೆರಡು ಸಲ ಮರಿಹಾಕುವ ನಾಯಿ ಎಲ್ಲರಿಗೂ ಅಪಾಯ. ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ಹುಚ್ಚುರೋಗದ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಯ ಆರೋಗ್ಯ ಊರಿನ ಆರೋಗ್ಯದ್ದೇ ಒಂದು ಭಾಗ.

ಇಷ್ಟು ಮಾಡಬಹುದು

ಊರು ದೊಡ್ಡದಿರಲಿ, ಚಿಕ್ಕದಿರಲಿ, ಮಾಡಬಹುದಾದ ಕೆಲಸಗಳು ಸರಳವಾಗಿವೆ. ಓಣಿಗೊಂದು ಕಲ್ಲುಬಾನಿ ಇಟ್ಟು ಬೇಸಿಗೆಯಲ್ಲಿ ನೀರು ತುಂಬಬಹುದು. ತಿಕೋಟಾದ ತೋಟದಲ್ಲಿ ದ್ರಾಕ್ಷಿಯ ಔಷಧದ ಲೆಕ್ಕ ಬರೆಯುವ ವಹಿಯಲ್ಲೇ ಕಾವಲು ನಾಯಿಯ ಲಸಿಕೆಯ ತಾರೀಖನ್ನೂ ಬರೆದಿಡಬಹುದು. ಬಬಲೇಶ್ವರದ ಸುತ್ತಲ ಹಳ್ಳಿಗಳಲ್ಲಿ ಗುಳೆ ಹೋಗುವ ಮನೆಯವರು ನಾಯಿಯ ಮಾತನ್ನು ನೆರೆಯವರಿಗೆ ಒಪ್ಪಿಸಿ ಹೋಗಬಹುದು. ಊರಲ್ಲಿ ಉಳಿದವರು ದಿನಕ್ಕೊಂದು ರೊಟ್ಟಿಯ ಹೊಣೆ ಹೊರಬಹುದು. ವಿಜಯಪುರದ ಬಡಾವಣೆಗಳಲ್ಲಿ ನಾಲ್ಕು ಮನೆ ಕೂಡಿ, ಖಾಲಿ ಗ್ಯಾರೇಜಿನ ಒಂದು ಮೂಲೆಯನ್ನು ರೋಗಿ ನಾಯಿಗೆಂದು ತಿಂಗಳಮಟ್ಟಿಗೆ ಬಿಟ್ಟುಕೊಡಬಹುದು: ಒಬ್ಬರು ಬೆಳಗಿನ ಗುಳಿಗೆ, ಒಬ್ಬರು ಸಂಜೆಯದು, ಒಬ್ಬರು ವೈದ್ಯರಲ್ಲಿಗೆ ಕರೆದೊಯ್ಯುವುದು, ಒಬ್ಬರು ಖರ್ಚಿನ ಲೆಕ್ಕ. ಮರಿ ಕೊಳ್ಳಬೇಕೆನ್ನುವವರು ಕೊಳ್ಳುವ ಮೊದಲು ಬೀದಿಯಲ್ಲಿ ಗುಣವಾದ ಒಂದನ್ನು ಮನೆಗೆ ತರಬಹುದು; ನಮ್ಮ ಬಿಸಿಲಿಗೆ, ನಮ್ಮ ರೊಟ್ಟಿಗೆ ಅದು ಹುಟ್ಟಿನಿಂದಲೇ ಒಗ್ಗಿದೆ.

ನಾಯಿಯನ್ನು ಎತ್ತಿ ತರುವ ಗಳಿಗೆಯಲ್ಲಿ ಸುತ್ತ ಜನ ಸೇರುತ್ತಾರೆ, ಚಿತ್ರ ತೆಗೆಯುತ್ತಾರೆ, ಭೇಷ್ ಎನ್ನುತ್ತಾರೆ. ಹದಿನೇಳನೆಯ ದಿನ ಗುಳಿಗೆಯನ್ನು ಬೆಲ್ಲದಲ್ಲಿ ಹುದುಗಿಸಿ ಕೊಡುವಾಗ ನೋಡಲು ಯಾರೂ ಇರುವುದಿಲ್ಲ. ಜೀವ ಉಳಿಯುವುದು ಆ ಹದಿನೇಳನೆಯ ದಿನದಲ್ಲಿ, ಇಪ್ಪತ್ತನೆಯ ದಿನದಲ್ಲಿ, ಇಪ್ಪತ್ತೆಂಟನೆಯ ದಿನದ ಕೊನೆಯ ಗುಳಿಗೆಯಲ್ಲಿ.

ಬೀದಿಯ ಪ್ರತಿಯೊಂದು ನಾಯಿಯನ್ನೂ ಜೀವಮಾನವಿಡೀ ಸಾಕಿರೆಂದು ಯಾರೂ ಕೇಳುತ್ತಿಲ್ಲ. ಕೇಳುವುದು ಒಂದು ತಿಂಗಳನ್ನು. ಮುಂದೊಮ್ಮೆ ಯಾರಾದರೂ ನಿಮ್ಮ ಬಾಗಿಲ ಬಳಿ ಮಲಗಿದ ಅಂಥ ಜೀವವನ್ನು ತೋರಿಸಿ ಅದು ಯಾರದೆಂದು ಕೇಳಿದರೆ, “ಔಷಧ ಮುಗಿಯೂತನಕ ನಮ್ಮದರೀ” ಎನ್ನುವಂತಾದರೆ ಸಾಕು.